ಒಬ್ಬರೇ, ನಿಂತು, ಪೂರ್ತಿ: ಇಳಕಲ್ಲಿನಲ್ಲೊಂದು ರಾಷ್ಟ್ರಗೀತೆಯ ಪರೀಕ್ಷೆ

ಹೊಸ ನಮೂನೆ ಬಾಗಲಕೋಟೆಯ ಕಚೇರಿಯಲ್ಲಿ ನನ್ನ ಕೈಗೆ ಬಂದಾಗ ಹದಿಮೂರನೆಯ ಕಾಲಂವರೆಗೆ ನಿಶ್ಚಿಂತೆಯಿಂದಲೇ ಓದಿದೆ. ಕೇಂದ್ರ ಎಲ್ಲಿದೆ, ಕಲಿಯುವವರ ವಯಸ್ಸೇನು, ಸ್ಲೇಟು ಸಾಕಷ್ಟಿವೆಯೇ, ಕರಿಹಲಗೆಗೆ ಬಣ್ಣ ಬಳಿದಿದ್ದು ಯಾವಾಗ, ಇವೆಲ್ಲ ತಿಂಗಳು ತಿಂಗಳೂ ತುಂಬುವಂಥವೇ. ಹದಿನಾಲ್ಕನೆಯದು ಮಾತ್ರ ಹೊಸದು. ‘ಕಲಿಯುವವರು ರಾಷ್ಟ್ರಗೀತೆಯನ್ನು ಒಬ್ಬರೇ, ನಿಂತು, ಪೂರ್ತಿಯಾಗಿ ಹಾಡಬಲ್ಲರೇ? ಹೌದು ಅಥವಾ ಇಲ್ಲ.’

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೊಡ್ಡವರಿಗೆ ಅಕ್ಷರ ಕಲಿಸುವ ಸರಕಾರಿ ಕೆಲಸದಲ್ಲಿ ನಾನು ಮೇಲ್ವಿಚಾರಕ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ಚದುರಿಕೊಂಡಿದ್ದ ಕೇಂದ್ರಗಳಿಗೆ ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಸೈಕಲ್ಲು ಹತ್ತಿ ಹೋಗಿ ಬರುವುದು ನನ್ನ ನಿತ್ಯದ ಪಾಡು. ನಮ್ಮ ಸಾಹೇಬರು ಮೈಸೂರು ಸೀಮೆಯವರು. ಅವರ ಕನ್ನಡ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ ಎಲ್ಲೂ ಸುಕ್ಕಿಲ್ಲದೆ ಇರುತ್ತಿತ್ತು.

“ಒಂದು ತಿಂಗಳ ಸಮಯವಿದೆ,” ಎಂದರು. “ನಾನೇ ಬಂದು ಕೇಳುತ್ತೇನೆ. ಇಳಕಲ್ಲಿನ ಹೆಂಗಸರ ಕೇಂದ್ರದ ಹಾಜರಿ ಮೊದಲೇ ಸರಿಯಿಲ್ಲ. ಇದರಲ್ಲೂ ‘ಇಲ್ಲ’ ಎಂದು ಬಂದರೆ ಅದನ್ನು ಮುಚ್ಚಿ ಬೇರೆ ಊರಿಗೆ ಕೊಟ್ಟುಬಿಡೋಣ. ಕೇಳುವವರು ಬೇಕಾದಷ್ಟು ಜನ ಇದ್ದಾರೆ.”

ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಸಾಹೇಬರ ಮುಂದೆ ಅದು ಗಂಟಲಲ್ಲೇ ಕೂತಿರುತ್ತದೆ. ಹೊರಗೆ ಬಂದ ಮೇಲೆ ಕಚೇರಿಯ ಗುಮಾಸ್ತನ ಮೇಲೆ ತೀರಿಸಿಕೊಂಡೆ. “ಇದೂ ಒಂದು ಕೇಳೂ ಪ್ರಶ್ನಿ ಏನ್ರಿ? ರಾಷ್ಟ್ರಗೀತಿ ಯಾರಿಗೆ ಗೊತ್ತಿಲ್ಲ? ನಿಮಗ ಬರೂದಿಲ್ಲೇನು?”

“ಭೇಷ್ ಬರ್ತೈತ್ರಿ,” ಎಂದು ಗುಮಾಸ್ತ ಎದ್ದು ನಿಂತು ಧ್ವನಿ ಏರಿಸಿ ಶುರು ಮಾಡಿದ. ಎರಡು ಸಾಲು ಜೋರಾಗಿ ಹೋಯಿತು. ಮೂರನೆಯದಕ್ಕೆ ವೇಗ ಕಡಿಮೆಯಾಯಿತು. ನಾಲ್ಕನೆಯದಕ್ಕೆ ಸುತ್ತ ನೋಡತೊಡಗಿದ. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು, “ಎಲ್ಲಾರೂ ಕೂಡಿ ಅಂದ್ರ ತಪ್ಪೂದಿಲ್ರಿ. ಒಬ್ಬಾಂವ ಅಂದ್ರ ಹಿಂಗಾಕೈತಿ,” ಎಂದ.

ಅಲ್ಲಿಂದ ನನಗೊಂದು ಚಟ ಹತ್ತಿತು. ಸಿಕ್ಕಸಿಕ್ಕವರನ್ನೆಲ್ಲ ಹಾಡಿಸತೊಡಗಿದೆ. ಕುಳಗೇರಿ ಕ್ರಾಸಿನಲ್ಲಿ ಚಹಾದ ಅಂಗಡಿಯವನು ಕೆಟಲಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಒಂದು ಸ್ವರವೂ ತಪ್ಪದಂತೆ ಮೂಗಿನಲ್ಲೇ ಹಾಡಿ ಮುಗಿಸಿದ. ಪದಗಳೆಲ್ಲಿ ಎಂದರೆ, “ಧಾಟಿ ಬರೋಬರಿ ಐತಿಲ್ರಿ? ಮಾತು ನೀವು ಹಾಕ್ಕೋರಿ,” ಎಂದು ಮತ್ತೆ ಕೆಟಲಿ ಎತ್ತಿದ. ಬಾದಾಮಿಯಲ್ಲಿ ಗುಹೆ ತೋರಿಸುವವನಿಗೆ ಪದಗಳೂ ಬರುತ್ತಿದ್ದವು. ಆದರೆ ನಾಡಿನ ಹೆಸರು ಬಂದಾಗಲೆಲ್ಲ ಕೈಯಲ್ಲಿದ್ದ ಕೋಲು ತಾನಾಗಿ ಮೇಲೇಳುತ್ತಿತ್ತು. ಎಡಗಡೆ ಒಂದು, ಬಲಗಡೆ ಒಂದು ಎಂದು ಕಲ್ಲುಗೋಡೆಯ ಮೇಲೆ ಇಡೀ ದೇಶವನ್ನೇ ನನಗೆ ತೋರಿಸಿದ.

ಬೇವೂರಿನ ಕೇಂದ್ರದಲ್ಲಿ ಬೀರಪ್ಪ ದೇವರ ಒಕ್ಕಲಿನ ಕುರಿಗಾರರು ಹೆಚ್ಚು. ಡೊಳ್ಳಿನ ಹಾಡುಗಳಲ್ಲಿ ಪಳಗಿದ ಗಂಟಲು. ಹಿರಿಯನೊಬ್ಬ ಒಂದು ಸಾಲು ಎತ್ತಿದ, ಉಳಿದವರು ಅದನ್ನೇ ತಿರುಗಿ ಹೇಳಿದರು. ಮತ್ತೊಂದು ಸಾಲು, ಮತ್ತೆ ತಿರುಗಿ. ಹುನಗುಂದದ ನನ್ನ ಗೆಳೆಯ, ಹೈಸ್ಕೂಲಿನ ಡ್ರಿಲ್ ಮಾಸ್ತರ, ಓಟದ ಸ್ಪರ್ಧೆಗೆ ಬಳಸುವ ಗಡಿಯಾರವನ್ನು ನನಗೆ ಕಡ ಕೊಟ್ಟಿದ್ದ. ಐವತ್ತೆರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಗೀತೆ ಬೇವೂರಿನಲ್ಲಿ ಅದರ ದುಪ್ಪಟ್ಟು ಹಿಡಿಯಿತು. ತಿರುಗಿ ಹೇಳಬಾರದು ಎಂದು ನಾನು ತಿದ್ದಿದೆ. “ಒಬ್ಬ ಅಂದಿದ್ದನ್ನ ಮಂದಿ ತಿರುಗಿ ಅನ್ನಲಿಲ್ಲಂದ್ರ, ಅದು ಮಂದಿಗೆ ಮುಟ್ಟೇತಿ ಅಂತ ಹೆಂಗ ತಿಳೀಬೇಕ್ರಿ?” ಎಂದು ಹಿರಿಯ ಕೇಳಿದ. ನಾನು ಗಡಿಯಾರ ಕಿಸೆಗೆ ಹಾಕಿಕೊಂಡೆ. ಅವರಿಗೆ ಒಂಟಿಯಾಗಿ ಹಾಡಲು ಕಲಿಸಲು ಒಂದು ವಾರ ಸಾಕಾಯಿತು.

ಚಿಂತೆ ಇದ್ದದ್ದು ಇಳಕಲ್ಲಿನದು. ಕನ್ನಡ ಶಾಲೆಯ ಹಿಂದಿನ ನೇಕಾರರ ಓಣಿಯಲ್ಲಿ, ಒಂದು ಪಡಸಾಲೆಯಲ್ಲಿ, ಮಧ್ಯಾಹ್ನದ ಊಟದ ಮೇಲೆ ಹನ್ನೊಂದು ಹೆಂಗಸರು ಸ್ಲೇಟು ಹಿಡಿದು ಕೂಡುತ್ತಿದ್ದರು. ಅವರಲ್ಲಿ ಹಿರಿಯಳ ಮನೆ ಶಾಲೆಯ ಗೋಡೆಗೆ ಅಂಟಿಕೊಂಡೇ ಇತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಗೋಡಿ ಅಕ್ಕ.

ಹದಿನಾಲ್ಕನೆಯ ಕಾಲಂ ಓದಿ ಹೇಳಿದೆ. ‘ಇಲ್ಲ’ ಎಂದಾದರೆ ಕೇಂದ್ರ ಮುಚ್ಚುವ ಮಾತನ್ನೂ ಮುಚ್ಚಿಡಲಿಲ್ಲ. ಗೋಡಿ ಅಕ್ಕ ಸ್ಲೇಟು ಮಗುಚಿಟ್ಟು ಹೇಳಿದಳು: “ಮುಚ್ಚಬ್ಯಾಡ್ರಿ ಮಾಸ್ತರ್ರ. ನಾ ಈಗ ಒತ್ತಕ್ಷರದ ತನಕ ಬಂದೀನಿ.”

ಆಕೆಯ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಅದನ್ನು ತಂದ ಅಂಚೆಯವನೇ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುವುದು ವಾಡಿಕೆ. “ಓಣಿ ಎಲ್ಲಾ ಬಂದು ಕುಂದರ್ತೈತ್ರಿ. ನನ್ನ ಮಗಳಿಗೂ ಅದು ಗೊತ್ತು. ಅದಕ್ಕs ಆಕಿ ಕ್ಷೇಮ ಅಂತ ಅಷ್ಟ ಬರಸ್ತಾಳ, ಬ್ಯಾರೆ ಏನೂ ಇಲ್ಲ. ಕ್ಷೇಮ ಇದ್ದಾಳೋ ಇಲ್ಲೋ ನನಗ ಹೆಂಗ ತಿಳೀಬೇಕು? ಒಮ್ಮೆ ನಾನs ಓದೂವಂಗ ಆಗ್ಲಿ, ಆಮ್ಯಾಲೆ ನಿಮ್ಮ ಸಾಲಿ ಬೇಕಾದ್ರ ಮುಚ್ಚರಿ.”

ಈ ಮಾತು ನನ್ನ ಎದೆಗೆ ನಾಟಿತು. ನನಗೂ ಆಗಷ್ಟೇ ಮದುವೆಯಾದ ತಂಗಿಯೊಬ್ಬಳಿದ್ದಳು. ಅವಳ ಪತ್ರವನ್ನು ಊರಿಗೆಲ್ಲ ಓದಿ ಹೇಳುವುದನ್ನು ಊಹಿಸಿಕೊಂಡೆ, ಸಹಿಸಲಾಗಲಿಲ್ಲ. “ಸರಿ, ಇವತ್ತಿಂದs ಸುರು ಮಾಡೋಣು. ಮೊದ್ಲ ಯಾರಿಗೆ ಎಷ್ಟು ಬರ್ತೈತಿ ನೋಡೋಣು,” ಎಂದೆ.

“ಮೊದ್ಲ ನೀವು ಹಾಡ್ರಿ,” ಎಂದಳು ಗೋಡಿ ಅಕ್ಕ. “ಒಬ್ರs. ನಿಂತು.”

ನಿಂತೆ. ಸೆಟೆದುಕೊಂಡೇ ನಿಂತೆ. ವರ್ಷಕ್ಕೆರಡು ಬಾರಿಯಾದರೂ ಧ್ವಜದ ಕೆಳಗೆ ಹಾಡಿದವನು ನಾನು. ಅರ್ಧ ದಾಟಿದ ಮೇಲೆ ಯಾವ ಸಾಲಿನ ನಂತರ ಯಾವುದು ಎಂಬುದು ಕಲಸಿಹೋಯಿತು. ಹಿಂದಕ್ಕೆ ಹೋಗಿ ಮತ್ತೆ ಓಡಿ ಬಂದೆ, ಅದೇ ಜಾಗದಲ್ಲಿ ಮತ್ತೆ ಎಡವಿದೆ. ಎಷ್ಟೋ ಊರಿನವರನ್ನು ಪರೀಕ್ಷೆ ಮಾಡಿ ಬಂದ ದೊಡ್ಡ ಮನುಷ್ಯ ನಾನು, ನನ್ನನ್ನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗೋಡಿ ಅಕ್ಕ ಕೂತಲ್ಲಿಂದಲೇ, ಕಾಲಾಡಿಸುತ್ತ, ಮುಂದಿನ ಸಾಲು ಎತ್ತಿಕೊಟ್ಟಳು, ಅದರ ಮುಂದಿನದನ್ನೂ ಕೊಟ್ಟಳು, ಕೊನೆಯವರೆಗೂ ಒಂದಕ್ಷರ ಜಾರದಂತೆ ಹಾಡಿ ಮುಗಿಸಿದಳು. “ಹದಿನೆಂಟು ವರ್ಷ ಆತ್ರಿ ಈ ಗೋಡಿ ಬಾಜೂಕ ಮಗ್ಗ ಹೂಡಿ,” ಎಂದಳು. “ದಿನಾ ಮುಂಜಾನೆ ಆಚೀ ಕಡೆ ಹುಡುಗೂರು ಹಾಡ್ತಾವು, ಈಚೀ ಕಡೆ ನಾ ನೇಯ್ತೀನಿ. ಇವರಿಗೂ ನಾನs ಕಲಿಸೀನಿ. ಎಲ್ಲಾರ ಮಗ್ಗದ ಮ್ಯಾಲೂ ನಡೀತೈತಿ.”

ಓಣಿಯ ಮಗ್ಗಗಳನ್ನು ಸುತ್ತಿ ಬಂದೆ. ಖರೆ ಇತ್ತು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಬಲಗಾಲು ತುಳಿದು ಲಾಳಿ ಎಸೆಯುತ್ತಾರೆ, ಎಡಗಾಲು ತುಳಿದು ಮರಳಿ ಎಸೆಯುತ್ತಾರೆ, ಗೀತೆ ಆ ತುಳಿತದ ಮೇಲೆ ಸಲೀಸಾಗಿ ಸಾಗುತ್ತದೆ. ಹನ್ನೊಂದಕ್ಕೆ ಹನ್ನೊಂದೂ ಪಾಸು ಎಂದು ಖುಷಿಯಿಂದ ಹುನಗುಂದಕ್ಕೆ ಮರಳಿ, ಡ್ರಿಲ್ ಮಾಸ್ತರನಿಗೆ ಚಹಾ ಕುಡಿಸಿದೆ.

ಮರುವಾರ ಪಡಸಾಲೆಯಲ್ಲಿ ಅವರನ್ನು ಎದ್ದು ನಿಲ್ಲಿಸಿದಾಗ ಆ ಖುಷಿ ಇಳಿಯಿತು. ಕೈ ಕೆಳಗೆ, ಹಿಮ್ಮಡಿ ಜೋಡಿಸಿ, ನೋಟ ಮುಂದೆ ಎಂದು ಡ್ರಿಲ್ ಮಾಸ್ತರ ಹೇಳಿಕೊಟ್ಟಂತೆ ನಿಲ್ಲಿಸಿದ್ದೆ. ಮೊದಲನೆಯವಳು ಮೂರನೆಯ ಸಾಲಿಗೆ ನಿಂತುಬಿಟ್ಟಳು. ಎರಡನೆಯವಳದು ಶುರುವೇ ಆಗಲಿಲ್ಲ. ಗೋಡಿ ಅಕ್ಕನೇ ನಡುವೆ ತಡವರಿಸಿ, ಕೈಗಳನ್ನು ಮುಂದೆ ಚಾಚಿ, ಇಲ್ಲದ ಲಾಳಿಯನ್ನು ಹುಡುಕಿದಳು.

“ಕಾಲು ಆಡ್ಲಿಲ್ಲಂದ್ರ ಬಾಯಿ ಆಡವಲ್ದ್ರಿ,” ಎಂದಳು. ಮುಖ ಸಣ್ಣದಾಗಿತ್ತು.

ಇನ್ನೊಂದು ತೊಡಕು ಆ ಹನ್ನೊಂದು ಮಂದಿಯಲ್ಲೊಬ್ಬಳಾದ ಓಣಿಯ ಕಿರಿಯ ಸೊಸೆಯದು. ಹಾಡು ಚೆನ್ನಾಗಿ ನಡೆದಿದ್ದಾಗಲೇ ಒಂದು ಪದದ ಮಧ್ಯೆ ಗಪ್ಪನೆ ನಿಲ್ಲುವಳು. ಮಗ್ಗದ ಮೇಲೆ ಎಳೆ ಹರಿದಾಗ ಹಾಡು ನಿಲ್ಲಿಸಿ, ಎಳೆ ಗಂಟು ಹಾಕಿ, ಬಿಟ್ಟ ಅಕ್ಷರದಿಂದಲೇ ಮುಂದುವರಿಯುವುದು ಅವರ ರೂಢಿ. ಅದು ಇಲ್ಲೂ ಬಂದಿತ್ತು. ಕೂಡಿ ಹಾಡುವಾಗ ಅವಳು ನಿಂತರೆ ಉಳಿದವರೂ ನಿಂತು, ಅವಳ ಎಳೆ ಗಂಟಾಗಲಿ ಎಂದು ತಾಳ್ಮೆಯಿಂದ ಕಾಯುತ್ತಿದ್ದರು. ನಾನು ರೇಗಿದೆ. “ಇಲ್ಲಿ ಎಲ್ಲೈತಿ ಎಳಿ? ಎಲ್ಲಿ ಹರೀತದು?” ಎಂದು ಕೂಗಿದೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಕೂಗಿದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಎಷ್ಟು ತಾಲೀಮು ಮಾಡಿಸಿದರೂ ಅಷ್ಟೇ. ಕೂತರೆ ಪೂರ್ತಿ, ನಿಂತರೆ ಅರ್ಧ. ಸಾಹೇಬರು ಬರುವ ದಿನ ಗೊತ್ತಾಯಿತು. ಡ್ರಿಲ್ ಮಾಸ್ತರ ಒಂದು ಉಪಾಯ ಹೇಳಿದ. “ಅಲ್ಲೋ ಮಾರಾಯಾ, ಅವರಿಗೆ ಬರ್ತೈತಿ ಅನ್ನೂದು ನಿನಗ ಖಾತ್ರಿ ಐತಿ. ‘ಹೌದು’ ಅಂತ ಮೊದ್ಲs ಗೀಟು ಹೊಡದು ಕಳಿಸಿಬಿಡು. ಸಾಹೇಬ್ರು ಬಂದ್ರ ಎಲ್ಲಾರನ್ನೂ ಕೂಡಿಸಿ ಹಾಡಿಸು. ಯಾರು ಬಿಟ್ರು ಯಾರು ಹಿಡದ್ರು ಯಾರಿಗೆ ತಿಳೀತೈತಿ?”

ಪೆನ್ಸಿಲ್ಲಿನಲ್ಲಿ ‘ಹೌದು’ ಎಂದು ಬರೆದೇಬಿಟ್ಟೆ. ಬರೆದ ಮೇಲೆ ಗೋಡಿ ಅಕ್ಕನ ಕಾರ್ಡು ನೆನಪಾಯಿತು. ಕ್ಷೇಮ ಎಂದು ಬರೆಸಿದ ಕಾರ್ಡಿಗೂ ನನ್ನ ಈ ‘ಹೌದು’ಗೂ ಏನೂ ಅಂತರ ಕಾಣಲಿಲ್ಲ. ಅಳಿಸಿದೆ.

ಮರುದಿನ ಇಳಕಲ್ಲಿಗೆ ಹೋದರೆ ಇನ್ನೊಂದು ಪೆಟ್ಟು. ಸಾಹೇಬರು ಬರುವ ದಿನವೇ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವ ದಿನ. ಹಾಸು ಎಂದರೆ ಸೀರೆಯ ಉದ್ದೆಳೆಗಳು. ಇಳಕಲ್ಲಿನಲ್ಲಿ ಅದನ್ನು ಓಣಿಯ ಉದ್ದಕ್ಕೂ ಬೀದಿಯಲ್ಲೇ ಎಳೆದು ಕಟ್ಟಿ, ಎರಡೂ ಬದಿಯಿಂದ ಕುಂಚದಲ್ಲಿ ಗಂಜಿ ಸವರುತ್ತಾರೆ. ಎಳೆಗೆ ಎಳೆ ಅಂಟದಂತೆ ಬಿಡಿಸಿ, ಎಳೆಬಿಸಿಲಲ್ಲಿ ಆರುವವರೆಗೆ ತುದಿಯ ಕೋಲುಗಳನ್ನು ಬಿಗಿಯಾಗಿ ಹಿಡಿದು ನಿಲ್ಲಬೇಕು. ಮಧ್ಯೆ ಕೈಬಿಟ್ಟರೆ ಎಳೆಗಳು ಗೋಜಲಾಗಿ ಹೋಗುತ್ತವೆ. ಒಬ್ಬರ ಹಾಸಿನ ಕೆಲಸಕ್ಕೆ ಓಣಿಯವರೆಲ್ಲ ಕೈ ಕೊಡುವುದು ವಾಡಿಕೆ. ಕೇಂದ್ರದ ಹಾಜರಿ ಪದೇ ಪದೇ ಬೀಳುತ್ತಿದ್ದುದೂ ಇದರಿಂದಲೇ. ಹಾಸಿನ ದಿನ ಯಾರಿಗೂ ಸ್ಲೇಟು ಹಿಡಿಯುವ ತ್ರಾಣ ಇರುತ್ತಿರಲಿಲ್ಲ.

“ಒಂದಿನ ಮುಂದಕ್ಕ ಹಾಕ್ರಿ,” ಎಂದೆ.

“ಗಂಜಿ ಹಚ್ಚಾಕ ನೂಲು ತಯಾರಾಗೈತ್ರಿ, ಅದು ಸಾಹೇಬ್ರಿಗೆ ಕಾಯೂದಿಲ್ಲ,” ಎಂದಳು ಗೋಡಿ ಅಕ್ಕ.

ಆ ಮುಂಜಾನೆ ಪಕ್ಕದ ಮನೆಯವರ ಹಾಸು ನಡೆದಿತ್ತು. ಸಿಟ್ಟಿನಿಂದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಗಂಜಿ ಸವರಿ ಮುಗಿದಿತ್ತು. ಹೆಂಗಸರು ಎರಡೂ ತುದಿಗೆ ಕೋಲು ಹಿಡಿದು, ಕಾಲೂರಿ, ಕಲ್ಲಿನ ಕಂಬಗಳ ಹಾಗೆ ನಿಂತಿದ್ದರು. ಆಗ ಯಾರೋ ಬೇಸರ ಕಳೆಯಲು ಗೀತೆ ಎತ್ತಿದರು. ಮೊದಲ ಸಾಲು, ಎರಡನೆಯದು, ಮೂರನೆಯದು. ಒಂದೂ ತಪ್ಪಲಿಲ್ಲ. ಅವರು ನಿಂತಿದ್ದರು! ಕಾಲು ಆಡದೆ, ಮೈ ಆಡದೆ, ನೆಟ್ಟಗೆ ನಿಂತಿದ್ದರು. ಕೈಗೆ ನೂಲಿನ ಬಿಗಿ ತಾಗುತ್ತಿದ್ದರೆ ಸಾಕಿತ್ತು, ಹಾಡು ಬರುತ್ತಿತ್ತು.

ಅಂದೇ ಬಾಗಲಕೋಟೆಗೆ ಹೋಗಿ ಸಾಹೇಬರ ಮುಂದೆ ನಿಂತೆ. ಪರೀಕ್ಷೆ ಮಧ್ಯಾಹ್ನ ಪಡಸಾಲೆಯಲ್ಲಿ ಅಲ್ಲ, ಮುಂಜಾನೆ ಬೀದಿಯಲ್ಲಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬೀದಿಯಲ್ಲಿ ರಾಷ್ಟ್ರಗೀತೆಯೇ? ಕೆಲಸದ ನಡುವೆ? ಇದು ಗೌರವದ ಪ್ರಶ್ನೆ, ಗೊತ್ತಾಯಿತೇ?” ಎಂದರು. “ಗೌರವ ಹೆಂಗೈತಿ ಅಂತ ನೀವs ಬಂದು ನೋಡ್ರಿ ಸಾಹೇಬ್ರ. ನೋಡಿದ ಮ್ಯಾಲೆ ‘ಇಲ್ಲ’ ಅಂತ ಬರದ್ರ ನಾನs ಬೀಗ ಹಾಕ್ತೀನಿ,” ಎಂದೆ. ಗಂಟಲಲ್ಲಿ ಕೂತಿದ್ದ ಸಿಟ್ಟಿಗೆ ಅಂದು ಒಂದಿಷ್ಟು ದಾರಿ ಸಿಕ್ಕಿತು.

ಬಂದರು. ಹಾಸು ಅಡ್ಡ ಇದ್ದುದರಿಂದ ಜೀಪು ಓಣಿಯ ಬಾಯಲ್ಲೇ ನಿಂತಿತು. ಹೆಂಗಸರು ಕೋಲು ಹಿಡಿದು ನಿಂತಿದ್ದರು, ಗಂಜಿ ಇನ್ನೂ ಹಸಿಯಿತ್ತು. ಎಲ್ಲರೂ ಕೂಡಿ ಹಾಡಿದರು. ಸಾಹೇಬರು ಜೀಪಿನ ಪಕ್ಕದಲ್ಲೇ ನೆಟ್ಟಗೆ ನಿಂತರು. ಡ್ರಿಲ್ ಮಾಸ್ತರನ ಗಡಿಯಾರ ಐವತ್ತೆರಡಕ್ಕಿಂತ ಒಂದೆರಡು ಹೆಚ್ಚು ತೋರಿಸಿತು.

“ಚೆನ್ನಾಗಿದೆ,” ಎಂದರು ಸಾಹೇಬರು. “ಆದರೆ ನಮೂನೆಯಲ್ಲಿ ‘ಒಬ್ಬರೇ’ ಎಂದಿದೆ. ಇಬ್ಬರನ್ನು ನಾನೇ ಆರಿಸುತ್ತೇನೆ. ಮತ್ತು ಕೈ ಕೆಳಗೆ ಇರಬೇಕು. ಕೋಲು ಬಿಟ್ಟು ಹಾಡಲಿ.”

ನಾನು ಇದನ್ನು ಎಣಿಸಿರಲಿಲ್ಲ. ಅವರ ಬೆರಳು ನೇರ ಕಿರಿಯ ಸೊಸೆಯ ಕಡೆ ಹೋಯಿತು. ಓಡಿಹೋಗಿ ಅವಳ ಜಾಗದಲ್ಲಿ ಕೋಲು ಹಿಡಿದೆ. ಅವಳು ಮುಂದೆ ಬಂದು, ಕಣ್ಣು ಮುಚ್ಚಿ ಹಾಡಿದಳು. ಅರ್ಧಕ್ಕೆ ಬಂದು, ಪದದ ನಡುವೆ ನಿಂತಳು. ಓಣಿಯೆಲ್ಲ ಕಾಯಿತು. ತೊಡೆಯ ಪಕ್ಕ ಇಳಿಬಿಟ್ಟ ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ಒಮ್ಮೆ ಹೊಸೆದುಕೊಂಡಿತು, ಎಳೆ ಗಂಟಾಯಿತು, ಬಿಟ್ಟ ಅಕ್ಷರದಿಂದಲೇ ಹಾಡು ಹೊರಟು ಕೊನೆ ಮುಟ್ಟಿತು. ಮುಗಿದದ್ದೇ ನಾಚಿ ಮನೆಯೊಳಗೆ ಓಡಿಹೋದಳು. ನಾನು ಕೋಲಿನ ಜತೆ ಅಲ್ಲೇ ಉಳಿದೆ.

“ಇನ್ನು ಇವರು,” ಎಂದು ಸಾಹೇಬರು ತೋರಿಸಿದ್ದು ಗೋಡಿ ಅಕ್ಕನನ್ನು. ಆಕೆ ಹಿಡಿದಿದ್ದು ಆಚೆಯ ತುದಿಯ ನಡುಗೋಲು. ಇತ್ತ ನನ್ನ ಎರಡೂ ಕೈ ಕಟ್ಟಿಬಿದ್ದಿದ್ದವು, ಉಳಿದವರದೂ ಅಷ್ಟೇ. ಆಕೆ ಸುತ್ತ ನೋಡಿ, ಕೊನೆಗೆ ಸಾಹೇಬರನ್ನೇ ನೋಡಿದಳು. “ನಾ ಕೈ ಬಿಡಬೇಕಂದ್ರ ನೀವು ಹಿಡೀಬೇಕ್ರಿ,” ಎಂದಳು.

“ಎಷ್ಟು ಹೊತ್ತು?”

“ಹಾಡು ಮುಗಿಯೂ ತನಕ್ರಿ. ಸಡ್ಲ ಬಿಟ್ರ ಸೀರಿ ಹೋತು.”

ಸಾಹೇಬರು ನಮೂನೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೋಲು ಹಿಡಿದರು. ಇಸ್ತ್ರಿಯ ತೋಳಿಗೆ ಗಂಜಿ ಮೆತ್ತಿತು. ಕೈ ಬಿಡುವಾಗ ಗೋಡಿ ಅಕ್ಕನ ಮುಖ ನನಗೆ ಕಂಡಿತು. ಪಡಸಾಲೆಯಲ್ಲಿ ಲಾಳಿ ಹುಡುಕಿದಾಗಿನ ಅದೇ ಮುಖ. ಕೈ ಕೆಳಗೆ ಇಳಿಬಿಟ್ಟಳು. ಶುರು ಮಾಡಲಿಲ್ಲ. ಕೋಲು ಹಿಡಿದ ನನ್ನ ಅಂಗೈ ಬೆವೆತು ಜಾರುತ್ತಿತ್ತು. ಆಕೆಯ ಒತ್ತಕ್ಷರ ಅರ್ಧಕ್ಕೆ ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಆಮೇಲೆ ಶುರುವಾಯಿತು. ನಿಂತ ಮೈ ಅಲುಗಲಿಲ್ಲ, ದೃಷ್ಟಿ ಅತ್ತಿತ್ತ ಹೋಗಲಿಲ್ಲ. ಸಾಹೇಬರು ಆಕೆಯ ಮುಖ ನೋಡುತ್ತಿದ್ದರು. ನಾನಿದ್ದಲ್ಲಿಂದ ಕಾಣುತ್ತಿದ್ದುದು ಸೀರೆಯ ಅಂಚು. ಅದರ ಕೆಳಗೆ, ಬೀದಿಯ ಮಣ್ಣಿನ ಮೇಲೆ, ಬಲಗಾಲಿನ ಹೆಬ್ಬೆರಳು ಒಮ್ಮೆ ಒತ್ತುತ್ತಿತ್ತು, ಎಡಗಾಲಿನದು ಒಮ್ಮೆ. ಬಲ, ಎಡ, ಬಲ, ಎಡ. ಮೊದಲ ಸಾಲಿನಿಂದ ಕೊನೆಯ ಜಯಕಾರದವರೆಗೆ ಹದಿನೆಂಟು ವರ್ಷದ ಮಗ್ಗ ಆ ಎರಡು ಬೆರಳುಗಳಲ್ಲಿ ನಡೆಯಿತು. ಒಬ್ಬಳೇ, ನಿಂತು, ಪೂರ್ತಿ. ಬೆರಳುಗಳ ಬಗ್ಗೆ ನಮೂನೆಯಲ್ಲಿ ಏನೂ ಇರಲಿಲ್ಲ, ನಾನೂ ಹೇಳಲಿಲ್ಲ.

ಸಾಹೇಬರು ತಕ್ಷಣ ಕೋಲು ಕೊಡಲಿಲ್ಲ. “ಇನ್ನೂ ಆರಿಲ್ಲವಲ್ಲ,” ಎಂದು ಒಂದಿಷ್ಟು ಹೊತ್ತು ಹಿಡಿದೇ ನಿಂತರು. ಆಮೇಲೆ ಕಟ್ಟೆಯ ಮೇಲೆ ಕೂತು ಹದಿನಾಲ್ಕನೆಯದಕ್ಕೆ ‘ಹೌದು’ ಎಂದು ಬರೆದರು. ಹಾಜರಿಯ ಕಾಲಂನಲ್ಲಿ ಹಾಸಿನ ದಿನಗಳನ್ನು ರಜೆಯೆಂದು ಹಿಡಿಯತಕ್ಕದ್ದು ಎಂದು ಷರಾ ಹಾಕಿದರು. ಆ ಕಾಗದ ಕಚೇರಿಗೆ ಹೋಗುವಾಗ ಅದರ ಮೂಲೆಯಲ್ಲಿ ಗಂಜಿಯ ಒಂದು ಹೆಬ್ಬೆಟ್ಟಿನ ಗುರುತಿತ್ತು. ಅಕ್ಷರ ಕಲಿಸುವ ಇಲಾಖೆಯಲ್ಲಿ ಸಾಹೇಬರೇ ಹೆಬ್ಬೆಟ್ಟು ಒತ್ತಿದ್ದಾರೆ ಎಂದು ಗುಮಾಸ್ತ ವಾರಗಟ್ಟಲೆ ನಗುತ್ತಿದ್ದ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಕೇಂದ್ರಕ್ಕೆ ಹೋಗುವಾಗ ಗೋಡಿ ಅಕ್ಕನ ಕಟ್ಟೆಯ ಮೇಲೆ ಅಂಚೆಯವನು ಕೂತಿದ್ದ. ಎದುರುಮನೆಯವರೂ ಆಚೆಮನೆಯವರೂ ಎಂದಿನಂತೆ ನೆರೆದಿದ್ದರು. ಈ ಸಲ ಬಂದದ್ದು ಕಾರ್ಡಲ್ಲ, ಅಂಚು ಮಡಚಿ ಅಂಟಿಸಿದ ನೀಲಿ ಇನ್‌ಲ್ಯಾಂಡು. ಇನ್ನು ಮುಂದೆ ತಾನೇ ಓದುವುದಾಗಿ ಮಗಳಿಗೆ ಆಕೆ ತನ್ನ ಕೈಯಿಂದಲೇ ಬರೆದಿದ್ದಳೆಂದು ನನಗೆ ಗೊತ್ತಿತ್ತು. ಒತ್ತಕ್ಷರಗಳನ್ನು ತಿದ್ದಿಕೊಟ್ಟವನು ನಾನೇ.

ಗೋಡಿ ಅಕ್ಕ ಅದನ್ನು ಜೋಪಾನವಾಗಿ ಬಿಡಿಸಿ, ಬಾಗಿಲಿಗೆ ಒರಗಿ ನಿಂತು ಓದತೊಡಗಿದಳು. ತುಟಿ ಅಲುಗುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಒಂದು ಕಡೆ ಮುಖ ಬಾಡಿತು, ಇನ್ನೊಂದು ಕಡೆ ನಗು ಬಂತು, ಮತ್ತೆ ಹಿಂದಿನ ಸಾಲಿಗೆ ಹೋಗಿ ಬಂದಳು. ಓಣಿ ಬಹಳ ಹೊತ್ತು ಕಾಯಿತು. ಅಂಚೆಯವನಿಗೆ ತಡೆಯಲಾಗಲಿಲ್ಲ. “ಏನ ಬರದಾಳವಾ ಮಗಳು?” ಎಂದ.

ಗೋಡಿ ಅಕ್ಕ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕ್ಷೇಮ ಅಂತ್ರಿ,” ಎಂದಳು.

ಕಾಗದದ ಮೂರು ಮಗ್ಗಲೂ ತುಂಬಿ ಬರೆದಿದ್ದು ನನಗೆ ನಿಂತಲ್ಲಿಂದಲೇ ಕಂಡಿತ್ತು.